ತ್ರಾಸಿನ ಮುಳ್ಳು

ಕಲಬುರಗಿಯ ಕಡೆಯ ಕನ್ನಡದಲ್ಲಿ 'ತ್ರಾಸು' ಎಂಬ ಮಾತಿಗೆ ಎರಡು ಅರ್ಥಗಳುಂಟು. ಅಕ್ಕಸಾಲಿಗನು ಬಂಗಾರ ತೂಗುವ ಸಣ್ಣ ತಕ್ಕಡಿಯೂ ತ್ರಾಸು; ಮನುಷ್ಯನಿಗೆ ಒದಗುವ ತೊಂದರೆಯೂ ತ್ರಾಸು. ಶಬ್ದಶಾಸ್ತ್ರದ ದೃಷ್ಟಿಯಿಂದ ಇವೆರಡಕ್ಕೂ ನಂಟಿಲ್ಲವೆಂದು ತರಗತಿಯಲ್ಲಿ ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆದರೆ ನಂಟಿಲ್ಲವೆಂದು ಹೇಳುವಾಗಲೆಲ್ಲ ನನಗೆ 2009ರ ಬೇಸಗೆ ನೆನಪಾಗುತ್ತದೆ. ಆ ಬೇಸಗೆಯಲ್ಲಿ ಒಂದು ತ್ರಾಸು ನಮ್ಮ ಮನೆತನಕ್ಕೆ ತಂದಿಟ್ಟ ತ್ರಾಸು ಸಾಮಾನ್ಯವಾದುದಲ್ಲ.

ನಮ್ಮ ತಾಯಿಯ ತವರುಮನೆ ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಗೆ ಸಮೀಪದ ಒಂದು ಹಳ್ಳಿ. ಅಲ್ಲಿ ನಮ್ಮ ಆಯಿ, ಎಂದರೆ ತಾಯಿಯ ತಾಯಿ, ತೀರಿಕೊಂಡು ವರ್ಷವಾಗಿದ್ದಿತು. ಆಕೆಯ ಒಡವೆಗಳಲ್ಲಿ ಹೆಸರಿಸತಕ್ಕದ್ದೆಂದರೆ ಒಂದು ಬೋರಮಾಳ ಸರ. ಬೋರೆಹಣ್ಣಿನಂತಹ ಚಿನ್ನದ ಗುಂಡುಗಳನ್ನು ಪೋಣಿಸಿದ ಈ ಸರವನ್ನು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಎಷ್ಟು ಅಕ್ಕರೆಯಿಂದ ಧರಿಸುತ್ತಾರೆಂಬುದನ್ನು ಬಲ್ಲವರು ಬಲ್ಲರು. ಗುಂಡು ನೋಡುವುದಕ್ಕೆ ಗಟ್ಟಿ, ಒಳಗೆ ಟೊಳ್ಳು. ತೆಳುವಾದ ಚಿನ್ನದ ತಗಡಿನೊಳಗೆ ಅರಗು ತುಂಬಿರುತ್ತದೆ. ಸರವು ದೊಡ್ಡವ್ವನಿಗೂ ಅವ್ವನಿಗೂ ಸಮನಾಗಿ ಹಂಚಿಕೆಯಾಗಬೇಕೆಂದು ಆಯಿಯ ಇಚ್ಛೆಯಿದ್ದಿತು. ಅಲ್ಲಿಯ ವರೆಗೆ ಅದು ಸೋದರಮಾವನ ಮನೆಯ ಪೆಟ್ಟಿಗೆಯಲ್ಲಿದ್ದಿತು.

ಹಂಚುವ ಮುನ್ನ ತೂಗಿಸಬೇಕೆಂದು ಮಾವ ಅದನ್ನು ಒಂದು ಊರಿನ ಒಂದು ಅಂಗಡಿಗೆ ಒಯ್ದನು. ಅಲ್ಲಿ ಬಂದ ತೂಕ 29.7 ಗ್ರಾಂ. ಆಯಿಯ ಪೆಟ್ಟಿಗೆಯಲ್ಲಿ, ಸರ ಮಾಡಿಸಿದಾಗ ಪತ್ತಾರರು ಬರೆದುಕೊಟ್ಟ ಚೀಟಿ ಇನ್ನೂ ಇದ್ದಿತು: '2 ತೊಲ 7 ಮಾಸಿ'. ದೊಡ್ಡವ್ವನ ಮಗ ಲೆಕ್ಕ ಹಾಕಿದನು. ತೊಲಕ್ಕೆ 11.66 ಗ್ರಾಮಿನಂತೆ ಅದು 30.13 ಗ್ರಾಂ ಆಗಬೇಕು. ಕೊರತೆ ಸುಮಾರು 0.43 ಗ್ರಾಂ. ಸರದಲ್ಲಿ 70 ಗುಂಡುಗಳಿದ್ದುವು. ಒಂದೊಂದು ಗುಂಡಿನ ತೂಕವೂ ಸರಿಸುಮಾರು 0.43 ಗ್ರಾಂ! ಇನ್ನು ಹೇಳುವುದೇನಿದೆ? ಒಂದು ಗುಂಡು ಹೋಗಿದೆ ಎಂದು ದೊಡ್ಡವ್ವ ನಿಶ್ಚಯಿಸಿದಳು. ಮೊದಲು ಎಷ್ಟು ಗುಂಡುಗಳಿದ್ದುವೆಂಬುದು ಯಾರಿಗೂ ನೆನಪಿಲ್ಲ. ಚೀಟಿಯಲ್ಲಿ ಎಣಿಕೆ ಬರೆದಿಲ್ಲ. ಪೆಟ್ಟಿಗೆಯ ಕೀಲಿ ಇದ್ದದ್ದು ಅತ್ತೆಯ ಸೆರಗಿನಲ್ಲಿ. ಮಾತು ಯಾವ ಕಡೆಗೆ ಹೊರಳಿತೆಂಬುದನ್ನು ಓದುಗರು ಊಹಿಸಬಲ್ಲರು. ಆ ವರ್ಷ ನಾಗರಪಂಚಮಿಗೆ ದೊಡ್ಡವ್ವ ತವರಿಗೆ ಹೋಗಲಿಲ್ಲ.

ಚೀಟಿ ಬರೆದವರು ಆಳಂದದ ಒಬ್ಬ ಪತ್ತಾರರು. ನಮ್ಮ ಕಡೆ ಅಕ್ಕಸಾಲಿಗರನ್ನು ಪತ್ತಾರರೆಂದೇ ಕರೆಯುವುದು. ಬರೆದವರು ಕಾಲವಾಗಿದ್ದರು, ಅವರ ಮಗ, ಎಪ್ಪತ್ತರ ಮುದುಕರು, ಅದೇ ಅಂಗಡಿಯಲ್ಲಿ ಅದೇ ತ್ರಾಸನ್ನು ಇಟ್ಟುಕೊಂಡಿದ್ದಾರೆಂದು ತಿಳಿದು, ಅವ್ವ ಮಾವನ ಕೈಯಿಂದ ಸರವನ್ನು ಇಸಿದುಕೊಂಡು ನನ್ನೊಡನೆ ಆಳಂದಕ್ಕೆ ಹೊರಟಳು. ನಾನಾಗ ಎಂ.ಎ. ಮೊದಲ ವರ್ಷದಲ್ಲಿದ್ದೆ. ವಚನಕಾರರು ತ್ರಾಸು, ಕಟ್ಟಳೆ, ಒರೆಗಲ್ಲುಗಳನ್ನು ಉಪಮಾನಗಳಾಗಿ ಬಳಸಿದ್ದರ ಮೇಲೆ ಟಿಪ್ಪಣಿ ಬರೆದು ಒಳ್ಳೆಯ ಅಂಕಗಳನ್ನು ಪಡೆದಿದ್ದೆ. ತ್ರಾಸು ಹೇಗೆ ಕೆಲಸ ಮಾಡುತ್ತದೆಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಅಂಗಡಿ ಎಂದರೆ ಎಂಟಡಿಯ ಒಂದು ಕೋಣೆ. ಕುಲುಮೆ, ಊದುಗೊಳವೆ, ಚಿಮಟ, ಅಡಿಗಲ್ಲು. ಗೋಡೆಯ ಬದಿಗೆ ಗಾಜಿನ ಪೆಟ್ಟಿಗೆ; ಅದರೊಳಗೆ ಹಿತ್ತಾಳೆಯ ಕಂಬಕ್ಕೆ ತೂಗುಬಿದ್ದ ತ್ರಾಸು. ಮುದುಕರು ಸರವನ್ನು ಕೂಡಲೇ ತಟ್ಟೆಗೆ ಹಾಕಲಿಲ್ಲ. ಮೊದಲು ಬೀಸಣಿಗೆಯನ್ನು ನಿಲ್ಲಿಸಿದರು. ಬಾಗಿಲನ್ನು ಮುಂದೆ ಮಾಡಿದರು. ಆಮೇಲೆ ಪೆಟ್ಟಿಗೆಯ ಅಡಿಯ ತಿರುಪನ್ನು ತುಸು ತಿರುಗಿಸಿ, ಕಂಬದಿಂದ ಇಳಿಬಿಟ್ಟ ಸಣ್ಣ ತೂಗುಗುಂಡು ತನ್ನ ಗುರುತಿನ ನೆಟ್ಟಗೆ ಬರುವಂತೆ ಮಾಡಿದರು. ಬರಿದಾದ ತಟ್ಟೆಗಳು ತೂಗಾಡಿದುವು. ಅವು ನಿಲ್ಲುವ ವರೆಗೆ ಅವರು ಕಾಯಲಿಲ್ಲ; ಮುಳ್ಳು ಎಡಕ್ಕೆ ಎಷ್ಟು ಗೆರೆ ಹೋಯಿತು, ಬಲಕ್ಕೆ ಎಷ್ಟು ಗೆರೆ ಬಂದಿತು ಎಂದು ನೋಡಿ ತಲೆಯಾಡಿಸಿದರು.

"ಯಾಕ್ರಿ ಕಾಕಾ, ನಿಂತ ಮ್ಯಾಲೆ ನೋಡಬಾರದೇನು?" ಎಂದೆ.

"ನಿಂತ ಮುಳ್ಳು ಯಾತಕ್ಕ ನಿಂತದ ಅಂತ ಹ್ಯಾಂಗ ಗೊತ್ತಾಗಬೇಕು ತಮ್ಮಾ? ಸರಿ ತೂಗಿ ನಿಂತದೋ, ಧೂಳ ಸಿಕ್ಕೊಂಡು ನಿಂತದೋ? ಆಡೋ ಮುಳ್ಳು ಸುಳ್ಳು ಹೇಳಂಗಿಲ್ಲ," ಎಂದರು.

ತ್ರಾಸಿನ ಒಡಲನ್ನು ಅವರು ಅಂದು ಬಿಚ್ಚಿ ತೋರಿಸಿದ ಬಗೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಡ್ಡವಾದ ದಂಡಿಯೇ ಅದರ ಜೀವ. ದಂಡಿಯ ನಟ್ಟನಡುವೆ ಉಕ್ಕಿನ ಒಂದು ಅಲಗು, ಬಾಯಿ ಕೆಳಗೆ ಮಾಡಿಕೊಂಡು ನುಣುಪಾದ ಅಗೇಟು ಕಲ್ಲಿನ ಮೇಲೆ ಕುಳಿತಿರುತ್ತದೆ. ಎರಡು ತುದಿಗಳಲ್ಲಿ ಎರಡು ಅಲಗುಗಳು ಬಾಯಿ ಮೇಲೆ ಮಾಡಿಕೊಂಡಿರುತ್ತವೆ. ತಟ್ಟೆಯ ಕೊಂಡಿಗಳು ಅವುಗಳ ಮೇಲೆ ತೂಗುತ್ತವೆ. ಮೂರು ಅಲಗುಗಳೂ ಒಂದೇ ಗೆರೆಯಲ್ಲಿರಬೇಕು. ನಡುವಿನಿಂದ ಎರಡು ತುದಿಗಳಿಗೂ ದೂರ ಒಂದೇ ಆಗಿರಬೇಕು. ದಂಡಿಯ ಭಾರಕೇಂದ್ರವು ನಡುವಿನ ಅಲಗಿಗಿಂತ ಕೂದಲೆಳೆಯಷ್ಟು ಕೆಳಗಿರಬೇಕು. ಬಹಳ ಕೆಳಗಿದ್ದರೆ ತ್ರಾಸು ಮಂದಬುದ್ಧಿಯದಾಗುತ್ತದೆ, ಗುಂಜಿ ಹಾಕಿದರೂ ಮುಳ್ಳು ಅಲುಗದು. ಮೇಲೆ ಹೋಯಿತೋ, ತ್ರಾಸು ನಿಲ್ಲುವುದೇ ಇಲ್ಲ. ಒಂದು ಕಡೆಗೆ ಉರುಳಿಬೀಳುತ್ತದೆ. ಸೂಕ್ಷ್ಮವಾದ ತ್ರಾಸು ನಿಧಾನವಾಗಿ ತೂಗಾಡುವುದೂ ಇದೇ ಕಾರಣದಿಂದ. ಅವಸರದವನಿಗೆ ಒಳ್ಳೆಯ ತ್ರಾಸು ಒಗ್ಗುವುದಿಲ್ಲ.

ಅಲಗಿಗೆ ಎಣ್ಣೆ ಹಾಕುವುದು ದೊಡ್ಡ ತಪ್ಪು. ಬಾಗಿಲಿನ ತಿರುಗಣಿಗೆ ಎಣ್ಣೆ ಹಿತ. ಅಲಗಿಗೆ ಅದು ಧೂಳನ್ನು ಕರೆದು ಕೂರಿಸುವ ಅಂಟು. ಒಣಗಿದ ಮೆತ್ತನೆಯ ಕುಂಚದಿಂದ ಒರೆಸಿದರೆ ಸಾಕು. ತೂಗದಿರುವಾಗ ದಂಡಿಯನ್ನು ಆಸರೆಯ ಮೇಲೆ ಇಳಿಸಿಡಬೇಕು. ಇಲ್ಲವಾದರೆ ಹಗಲಿರುಳು ಕಲ್ಲಿನ ಮೇಲೆ ಆಡಿ ಆಡಿ ಅಲಗಿನ ಬಾಯಿ ಮೊಂಡಾಗುತ್ತದೆ. ಬಟ್ಟುಗಳನ್ನು, ಎಂದರೆ ತೂಕದ ಕಲ್ಲುಗಳನ್ನು, ಚಿಮಟದಿಂದಲೇ ಎತ್ತಬೇಕು. ಬೆರಳಿನ ಬೆವರೂ ತೂಗುತ್ತದೆ, ಕ್ರಮೇಣ ಲೋಹವನ್ನು ತಿನ್ನುತ್ತದೆ ಕೂಡ. ಇದೆಲ್ಲವನ್ನೂ ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಹಿತ್ತಾಳೆಯ ಬಟ್ಟುಗಳ ವಿಷಯದಲ್ಲಿ ಅವರು ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು. ದೀಪಾವಳಿಯ ಲಕ್ಷ್ಮೀಪೂಜೆಗೆ ಮನೆಯ ಹಿತ್ತಾಳೆಯ ಸಾಮಾನುಗಳೆಲ್ಲ ಹುಣಸೆಹಣ್ಣಿನಲ್ಲಿ ಮಿಂದು ಥಳಥಳಿಸುವುದು ರೂಢಿ. ಅಂಗಡಿಯ ಬಟ್ಟುಗಳಿಗೂ ಅದೇ ಉಪಚಾರ ನಡೆದರೆ ವರ್ಷವರ್ಷಕ್ಕೂ ಅವು ಹಗುರವಾಗುತ್ತ ಹೋಗುತ್ತವೆ. ಹುಣಸೆಯ ಹುಳಿ ಕಿಲುಬನ್ನಷ್ಟೇ ಅಲ್ಲ, ಹಿತ್ತಾಳೆಯನ್ನೂ ಕರಗಿಸುತ್ತದೆ. ಪೂಜೆಯ ದಿನ ದಂಡಿಗೆ ಹಚ್ಚಿದ ಕುಂಕುಮ, ಅರಿಸಿನಗಳೂ ತೂಕವುಳ್ಳವೇ. ಆದುದರಿಂದ ಅವರ ಮನೆಯಲ್ಲಿ ಕುಂಕುಮ ಗಾಜಿನ ಪೆಟ್ಟಿಗೆಗೆ ಮಾತ್ರ. ತ್ರಾಸಿಗೆ ಬರಿಯ ನಮಸ್ಕಾರ. "ದೇವರಿಗೆ ಭಕ್ತಿ ಸಾಕು, ತ್ರಾಸಿಗೆ ಸ್ವಚ್ಛ ಬೇಕು," ಎಂದು ನಕ್ಕರು.

ಅವರ ಬಟ್ಟಿನ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಿಡಿ ಗುಲಗಂಜಿಗಳಿದ್ದುವು. ಎಂಟು ಗುಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲ. ಹೀಗೆ ತೊಲಕ್ಕೆ 96 ಗುಂಜಿ. ತೊಲವು 11.66 ಗ್ರಾಂ ಆದ್ದರಿಂದ ಗುಂಜಿ ಎಂದರೆ ಗ್ರಾಮಿನ ಎಂಟನೆಯ ಒಂದು ಪಾಲಿಗೆ ತುಸು ಕಡಿಮೆ. ಗಿಡದ ಬೀಜವನ್ನು ತೂಕಕ್ಕೆ ಹಿಡಿದದ್ದು ನಮ್ಮವರು ಮಾತ್ರವಲ್ಲ. ರತ್ನಗಳನ್ನು ತೂಗುವ ಕ್ಯಾರೆಟ್ಟು ಮೆಡಿಟರೇನಿಯನ್ ತೀರದ ಕ್ಯಾರೋಬ್ ಮರದ ಬೀಜದಿಂದ ಬಂದದ್ದು. ಇಂಗ್ಲಿಷರ ಗ್ರೇನು ಧಾನ್ಯದ ಕಾಳಿನಿಂದ. ಬೀಜಗಳೆಲ್ಲ ಒಂದೇ ತೂಕದವೆಂಬುದು ಮಾತ್ರ ಕವಿಸಮಯ. ಒಂದೇ ಬಳ್ಳಿಯ ಎರಡು ಗುಲಗಂಜಿಗಳು ಒಂದನ್ನೊಂದು ಹೋಲುವುದಿಲ್ಲ. ಪತ್ತಾರರು ಹತ್ತಾರು ಬೀಜಗಳನ್ನು ಒಟ್ಟಿಗೆ ತೂಗಿ, ಆರಿಸಿ, ಹೊಂದಿಸಿ ಇಟ್ಟುಕೊಳ್ಳುತ್ತಿದ್ದರು. ಅಷ್ಟು ಚೆಲುವಾದ ಆ ಬೀಜ ಘೋರವಾದ ವಿಷವೆಂಬುದನ್ನೂ ಮಕ್ಕಳಿರುವ ಮನೆಯವರು ನೆನಪಿಡಬೇಕು.

ಈ ಗುಂಜಿಯ ಲೆಕ್ಕ ನಮ್ಮ ನೆಲದಲ್ಲಿ ಹಳೆಯದು. ಇಂದಿನ ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಬಂಗಾರ ತೂಗುವ ಮಾನಗಳ ಪಟ್ಟಿಯಿದೆ, ಗುಂಜೆ ಅದರಲ್ಲಿದೆ. ಬೇರೆ ಬೇರೆ ಬಣ್ಣದ ಬಂಗಾರಗಳನ್ನು ಕರಗಿಸಿ ಕೂಡಿಸಿದರೆ ಸಿಕ್ಕುವ ಬಣ್ಣವೆಷ್ಟು ಎಂಬಂತಹ ಲೆಕ್ಕಗಳಿಗೆ ಆತನು ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳು ಪುಟಪುಟಕ್ಕೂ ಬರುತ್ತವೆ. ಹಾಗವೆಂದರೆ ಪಣದ ಕಾಲುಭಾಗ. ಇವನ್ನೆಲ್ಲ ತೂಗಿದವನ ಕೈಯಲ್ಲಿ ಒಂದು ತ್ರಾಸು ಇದ್ದೇ ಇದ್ದಿರಬೇಕಲ್ಲವೆ?

ಮೋಸವೂ ಅಷ್ಟೇ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ-ಅಳತೆಗಳಿಗೆ ಪೌತವಾಧ್ಯಕ್ಷನೆಂಬ ಅಧಿಕಾರಿಯೇ ಉಂಟು. ಬಟ್ಟುಗಳನ್ನು ಕಬ್ಬಿಣದಿಂದಾಗಲಿ, ಮಗಧ ಮತ್ತು ಮೇಕಲ ದೇಶಗಳ ಕಲ್ಲಿನಿಂದಾಗಲಿ ಮಾಡಿಸಬೇಕು. ನೀರಿಗೆ ಹಿಗ್ಗದ, ಬಿಸಿಗೆ ಕುಗ್ಗದ ವಸ್ತುವೇ ಬೇಕು. ನಾಲ್ಕು ತಿಂಗಳಿಗೊಮ್ಮೆ ಅವನ್ನು ತಂದು ಒಪ್ಪಿಸಿ ಮುದ್ರೆ ಹಾಕಿಸಬೇಕು ಎಂದು ಅಲ್ಲಿ ವಿಧಿಸಿದೆ. ಅಕ್ಕಸಾಲಿಗರು ಬಂಗಾರ ಕದಿಯುವ ಐದು ಉಪಾಯಗಳನ್ನು ಹೇಳುವಲ್ಲಿ ಮೊದಲನೆಯದಾಗಿ ಬರುವುದೇ ತುಲಾವಿಷಮ, ಎಂದರೆ ತಕ್ಕಡಿಯ ವಕ್ರತೆ. ಬಾಗುವ ದಂಡಿ, ಸೀಳಿದ ತಲೆ, ಕೆಟ್ಟ ದಾರ, ಕೆಟ್ಟ ತಟ್ಟೆ, ಕೊನೆಗೆ ಅಯಸ್ಕಾಂತವನ್ನು ಅಡಗಿಸಿದ ತಕ್ಕಡಿಯ ವರೆಗೆ ದುಷ್ಟ ತುಲೆಗಳ ಎಣಿಕೆಯಿದೆ. ಓದಿದಾಗ ಆತನು ನಮ್ಮ ಸಂತೆಯನ್ನು ನೋಡಿಯೇ ಬರೆದಂತೆ ತೋರುತ್ತದೆ.

ಅಯಸ್ಕಾಂತದ ಮಾತು ಬಂದುದರಿಂದ ಒಂದು ವಿಚಿತ್ರವನ್ನು ಹೇಳಿಬಿಡುತ್ತೇನೆ. ಅಮೆರಿಕೆಯಲ್ಲಿ ಬೇಟೆಗಾರರೂ ಗುರಿಕಾರರೂ ಹಾರಿಸಿದ ತೋಟೆಗಳ ಹಿತ್ತಾಳೆಯ ಕೋಶಗಳನ್ನು ಎಸೆಯದೆ ಮನೆಯಲ್ಲಿಯೇ ಅವಕ್ಕೆ ಮತ್ತೆ ಮದ್ದು ತುಂಬಿಕೊಳ್ಳುವ ಹವ್ಯಾಸವುಂಟು. ಮದ್ದನ್ನು ತೂಗಲು ಅವರು ಬಳಸುವುದು ನಮ್ಮ ಪತ್ತಾರರ ತ್ರಾಸಿನ ದಾಯಾದಿಯನ್ನೇ. ಮಾನವೂ ಅದೇ ಹಳೆಯ ಗ್ರೇನು. ಒಂದು ಗ್ರೇನು 64.8 ಮಿಲಿಗ್ರಾಂ. ತೊಲಕ್ಕೆ 180 ಗ್ರೇನು, ಗುಂಜಿಗೆ ಒಂದೂ ಮುಕ್ಕಾಲಕ್ಕೆ ತುಸು ಹೆಚ್ಚು. ಅವರು ಗ್ರೇನಿನ ಹತ್ತನೆಯ ಒಂದು ಪಾಲನ್ನೂ ಬಿಡದೆ ತೂಗುತ್ತಾರೆ. ಬಂಗಾರದಲ್ಲಿ ತಪ್ಪಿದರೆ ಹಣ ಹೋದೀತು. ಮದ್ದು ಮಿತಿಮೀರಿದರೆ ಬಂದೂಕಿನ ನಳಿಗೆಯೇ ಸಿಡಿದು ಕಣ್ಣು ಕೈಗಳು ಹೋದಾವು. ಆ ತ್ರಾಸಿನ ದಂಡಿ ಬೇಗನೆ ನಿಲ್ಲಲೆಂದು ಅದರ ತುದಿಯ ಸಣ್ಣ ತಗಡು ಅಯಸ್ಕಾಂತಗಳ ನಡುವೆ ಆಡುವಂತೆ ಮಾಡಿರುತ್ತಾರೆ. ತಗಡು ತಾಮ್ರದ್ದು ಇಲ್ಲವೆ ಅಲ್ಯೂಮಿನಿಯಮಿನದು. ಅಯಸ್ಕಾಂತ ಅದನ್ನು ಎಳೆಯುವುದಿಲ್ಲ, ಅದರ ಚಲನೆಗೆ ಮಾತ್ರ ತಡೆಯೊಡ್ಡುತ್ತದೆ. ನಿಂತ ಮೇಲೆ ತಡೆಯೂ ಇಲ್ಲ. ಕೌಟಿಲ್ಯನು ಕಳ್ಳನೆಂದು ಹಿಡಿದ ಅಯಸ್ಕಾಂತ ಅಲ್ಲಿ ಸಾಕ್ಷಿಯಾಗಿ ನಿಂತಿದೆ! ಉಳಿದ ನಿಯಮಗಳೆಲ್ಲ ಆಳಂದದ ಕೋಣೆಯವೇ: ಸಮತಲದ ಮೇಜು, ಗಾಳಿಯಿಲ್ಲದ ಮೂಲೆ, ಎಣ್ಣೆಯಿಲ್ಲದ ಅಲಗು, ತೂಗುವ ಮೊದಲೊಮ್ಮೆ ಗೊತ್ತಿರುವ ಬಟ್ಟಿನಿಂದ ಪರೀಕ್ಷೆ.

ಬಂಗಾರದ ಮಾತು ಶ್ರೀಮಂತರದಾಯಿತು ಎನ್ನುವವರು ಜೇವರ್ಗಿಯ ತೊಗರಿಯ ಚೀಲಕ್ಕೆ ಬರಲಿ. ನಮ್ಮ ತಂದೆಯವರ ಊರು ಆ ತಾಲೂಕಿನದು. ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜವೆನ್ನುತ್ತಾರೆ. 2019ರಲ್ಲಿ ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ನಾನು ಬಾಲಕನಾಗಿದ್ದಾಗ ತೊಗರಿ ರಾಶಿಯಾದ ಮೇಲೆ ತಂದೆಯವರೊಡನೆ ಬಂಡಿಯಲ್ಲಿ ಅಡತಿ ಅಂಗಡಿಗೆ ಹೋಗುವುದೊಂದು ಸಂಭ್ರಮ. ಮೂರು ಕಾಲಿನ ಕಂಬಕ್ಕೆ ದೊಡ್ಡ ತಕ್ಕಡಿ ಕಟ್ಟಿರುತ್ತಿದ್ದರು. ಹಮಾಲನು ಎಣಿಸುವಾಗ 'ಒಂದು' ಎನ್ನುತ್ತಿರಲಿಲ್ಲ. 'ಲಾಭ' ಎಂದು ತೊಡಗಿ ಆಮೇಲೆ ಎರಡು, ಮೂರು ಎನ್ನುತ್ತಿದ್ದನು. ಆ ಲಾಭ ಯಾರದೆಂದು ನಾನು ಒಮ್ಮೆ ಕೇಳಿ, ತಂದೆಯವರಿಂದ ಗದರಿಸಿಕೊಂಡಿದ್ದೆ.

ಅಲ್ಲಿ ರೈತನ ಕಣ್ಣು ಬಟ್ಟಿನ ಮೇಲಿರುತ್ತಿದ್ದಿತು. ಕಬ್ಬಿಣದ ಬಟ್ಟಿನ ತಳದಲ್ಲಿ ಒಂದು ಕುಳಿಯಿದ್ದು ಅದರಲ್ಲಿ ಸೀಸ ತುಂಬಿರುತ್ತದೆ. ಸರಕಾರದ ಮುದ್ರೆ ಬೀಳುವುದು ಆ ಸೀಸದ ಮೇಲೆಯೇ. ಸೀಸ ಉದುರಿತೆಂದರೆ ಬಟ್ಟು ಹಗುರಾಯಿತು, ಮುದ್ರೆಯೂ ಹೋಯಿತು. ಇಷ್ಟು ಬಹಳ ಜನರಿಗೆ ಗೊತ್ತು. ಗೊತ್ತಿರದಿದ್ದುದು ದಂಡಿಯ ವಿಚಾರ. ನಡುವಿನಿಂದ ಒಂದು ತುದಿ 50 ಸೆಂಟಿಮೀಟರು, ಇನ್ನೊಂದು ತುದಿ ಅರ್ಧ ಸೆಂಟಿಮೀಟರು ಗಿಡ್ಡ ಎಂದುಕೊಳ್ಳೋಣ. ಗಿಡ್ಡ ತುದಿಯ ತಟ್ಟೆಗೆ ಸ್ವಲ್ಪ ಭಾರ ಕಟ್ಟಿಬಿಟ್ಟರೆ, ಬರಿದಾದ ತಕ್ಕಡಿ ಧರ್ಮರಾಯನಂತೆ ನೆಟ್ಟಗೆ ನಿಲ್ಲುತ್ತದೆ. ಈಗ ಆ ಕಡೆಯ ತಟ್ಟೆಗೆ ತೊಗರಿ ಹಾಕಿ. ಒಂದು ಕ್ವಿಂಟಲು ಬಟ್ಟಿಗೆ ರೈತನು 101 ಕಿಲೋ ಸುರಿಯಬೇಕಾಗುತ್ತದೆ. ಇಪ್ಪತ್ತು ಕ್ವಿಂಟಲಿಗೆ ಇಪ್ಪತ್ತು ಕಿಲೋ. ಚೀಲದ ತೂಕವೆಂದು, ತೇವವೆಂದು, ಮಾದರಿಯೆಂದು ಕಳೆಯುವ ಲೆಕ್ಕ ಇದರ ಮೇಲೆ. ಬರಿದಾದ ತಕ್ಕಡಿ ಸಮನಾಗಿದೆಯೆಂದು ತೋರಿಸುವವನ ಮಾತಿಗೆ ಮರುಳಾಗಬಾರದೆಂಬುದು ಇದರಿಂದ ಸ್ಪಷ್ಟ. ದಂಡಿಯ ಪರೀಕ್ಷೆ ತುಂಬಿದ ತಕ್ಕಡಿಯಲ್ಲಿ.

ಇಂತಹ ಅನ್ಯಾಯಗಳನ್ನು ತಡೆಯಲು ಕಾಯಿದೆಗಳೇನೂ ಕಡಿಮೆಯಾಗಿಲ್ಲ. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿಯೇ 1930ರಲ್ಲಿ ಕೃಷಿ ಮಾರುಕಟ್ಟೆಯ ಕಾನೂನು ಬಂದಿತು. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ತೂಕ-ಅಳತೆಗಳ ಕೇಂದ್ರ ಶಾಸನವೂ ಆಯಿತು. 1958ರಿಂದ ಮೊದಲ್ಗೊಂಡು ಸೇರು, ಮಣಗಳು ಹೋಗಿ ಕಿಲೋಗ್ರಾಂ ಬಂದಿತು. ಎಂಬತ್ತು ತೊಲದ ಸೇರು 933 ಗ್ರಾಮಿಗೆ ಸಮ. ಕಿಲೋ ಸೇರಿಗಿಂತ ದೊಡ್ಡದೆಂಬುದು ಹಳ್ಳಿಯವರಿಗೆ ಮನವರಿಕೆಯಾಗುವ ಹೊತ್ತಿಗೆ ವ್ಯಾಪಾರಿಗಳು ಸೇರಿನ ದರಕ್ಕೆ ಕಿಲೋ ಕೊಂಡು ಮುಗಿಸಿದ್ದರೆಂದು ಹಿರಿಯರು ಹೇಳುವುದುಂಟು. ಈಗ ನಡೆಯುವುದು 2009ರ ಕಾನೂನು ಮಾಪನ ಅಧಿನಿಯಮ. ಜಾರಿಗೆ ಬಂದದ್ದು 2011ರ ಏಪ್ರಿಲಿನಲ್ಲಿ. ಅದರ ನಿಯಮಗಳಂತೆ ದಂಡಿಯ ತಕ್ಕಡಿಗೂ ಬಟ್ಟುಗಳಿಗೂ 24 ತಿಂಗಳಿಗೊಮ್ಮೆ, ವಿದ್ಯುನ್ಮಾನ ತಕ್ಕಡಿಗೆ 12 ತಿಂಗಳಿಗೊಮ್ಮೆ ಮುದ್ರೆಯಾಗಬೇಕು. ಕೊಳ್ಳುವವರು ಮುದ್ರೆಯನ್ನು ಕೇಳಿ ನೋಡುವ ರೂಢಿ ಮಾತ್ರ ಇನ್ನೂ ಬೆಳೆದಿಲ್ಲ.

ಹೊಸ ತಕ್ಕಡಿಗೆ ವರ್ಷಕ್ಕೊಮ್ಮೆ ಏಕೆ, ಹಳೆಯದಕ್ಕೆ ಎರಡು ವರ್ಷಕ್ಕೊಮ್ಮೆ ಏಕೆ ಎಂದು ಕೇಳಬಹುದು. ನಿಯಮ ಮಾಡಿದವರ ಮನಸ್ಸನ್ನು ನಾನರಿಯೆ. ಆದರೆ ಎರಡರ ಸ್ವಭಾವದಲ್ಲಿಯೇ ಭೇದವಿದೆ. ವಿದ್ಯುನ್ಮಾನ ತಕ್ಕಡಿ ಅಳೆಯುವುದು ಭೂಮಿ ವಸ್ತುವನ್ನು ಎಳೆಯುವ ಬಲವನ್ನು. ಆ ಎಳೆತ ಎಲ್ಲೆಡೆಯೂ ಒಂದೇ ಅಲ್ಲ. ಭೂಮಧ್ಯರೇಖೆಗಿಂತ ಧ್ರುವಗಳಲ್ಲಿ ಅದು ನೂರಕ್ಕೆ ಅರ್ಧ ಪಾಲು ಹೆಚ್ಚು. ಆದ್ದರಿಂದ ಅದನ್ನು ಇಟ್ಟ ಸ್ಥಳದಲ್ಲಿಯೇ ಬಟ್ಟಿನಿಂದ ಸರಿಪಡಿಸಬೇಕು. ತ್ರಾಸಿಗೆ ಆ ಚಿಂತೆಯಿಲ್ಲ. ಎಳೆತ ಹೆಚ್ಚಾದರೆ ಎರಡು ತಟ್ಟೆಗಳಿಗೂ ಹೆಚ್ಚು, ಕಡಿಮೆಯಾದರೆ ಎರಡಕ್ಕೂ ಕಡಿಮೆ. ಅದು ಹೋಲಿಸುತ್ತದೆ, ಅಷ್ಟೇ. ಪ್ಯಾರಿಸಿನ ಬಳಿಯ ಸೆವ್ರ್‌ನಲ್ಲಿಟ್ಟ ಪ್ಲಾಟಿನಂ-ಇರಿಡಿಯಂ ಬಟ್ಟೊಂದು 1889ರಿಂದ ಲೋಕಕ್ಕೆಲ್ಲ ಕಿಲೋಗ್ರಾಮಿನ ಆಧಾರವಾಗಿದ್ದಿತು. ಅದರ 57ನೆಯ ಪ್ರತಿ ದಿಲ್ಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. ಆ ಬಟ್ಟೂ ಅದರ ಪ್ರತಿಗಳೂ ಕಾಲಕ್ರಮದಲ್ಲಿ ಕೂದಲೆಳೆಯಷ್ಟು ಭೇದ ತೋರತೊಡಗಿದುವು. 2019ರ ಮೇ 20ರಿಂದ ಕಿಲೋಗ್ರಾಂ ಯಾವ ಬಟ್ಟಿಗೂ ಅಧೀನವಲ್ಲ; ಪ್ಲಾಂಕನ ಸ್ಥಿರಾಂಕದಿಂದ ಅದನ್ನು ನಿರೂಪಿಸಲಾಗಿದೆ. ಆ ನಿರೂಪಣೆಯನ್ನು ಕಾರ್ಯಕ್ಕೆ ತರುವ ಯಂತ್ರಗಳಲ್ಲಿ ಮುಖ್ಯವಾದುದು, ಬ್ರಯನ್ ಕಿಬ್ಬಲ್ ಎಂಬ ಇಂಗ್ಲಿಷ್ ವಿಜ್ಞಾನಿ 1975ರಲ್ಲಿ ಯೋಚಿಸಿದ ತಕ್ಕಡಿಯೇ!

ಆಳಂದದ ಕೋಣೆಗೆ ಮರಳೋಣ. ಮುದುಕರು ಸರವನ್ನು ತಟ್ಟೆಗೆ ಹಾಕಿದರು. ಬಟ್ಟುಗಳನ್ನು ಒಂದೊಂದಾಗಿ ಇಟ್ಟರು. ಸರಿಯಾಗಿ 30 ಗ್ರಾಂ. ಆಮೇಲೆ ಸರವನ್ನು ಬಟ್ಟಿನ ಕಡೆಗೂ ಬಟ್ಟನ್ನು ಸರದ ಕಡೆಗೂ ಬದಲಿಸಿ ಮತ್ತೆ ತೂಗಿದರು. ಆಗಲೂ 30. ತಂದೆಯ ಕೈಬರಹದ ಚೀಟಿಯನ್ನು ಬಹಳ ಹೊತ್ತು ನೋಡಿದರು.

"ಎಷ್ಟ ವರ್ಷ ಹಾಕ್ಕೊಂಡಾರ ನಿಮ್ಮವ್ವಾರು?"

"ಐವತ್ತ ವರ್ಷದ ಮ್ಯಾಲಾತು, ಪತ್ತಾರಣ್ಣಾ. ಕೊಳ್ಳಾಗಿಂದ ತಗದದ್ದ ನಾ ಕಂಡಿಲ್ಲ," ಎಂದಳು ಅವ್ವ.

"ಹಂಗಾರ ಒಂದ ಗುಂಜಿ ಸವದದ. ಸೀರಿ ಸೆರಗು ತಿಂದದ, ಬೆವರು ತಿಂದದ. ಕಳು ಆಗಿಲ್ಲ ತಂಗೆವ್ವಾ. ಒಂದ ಗುಂಡು ಹೋಗಿದ್ರ ಮೂರೂವರಿ ಗುಂಜಿ ಹೋಗಬೇಕಿತ್ತು."

ಹಾಗಾದರೆ ಆ ಅಂಗಡಿಯ 29.7? ಮಾವನನ್ನು ಕರೆದುಕೊಂಡು ಅಲ್ಲಿಗೇ ಹೋಗಿ, ಸರವನ್ನು ಒಮ್ಮೆ ಆ ತಟ್ಟೆಯಲ್ಲಿ, ಒಮ್ಮೆ ಈ ತಟ್ಟೆಯಲ್ಲಿ ತೂಗಿಸಿ ನೋಡಿರೆಂದು ಮುದುಕರು ಹೇಳಿಕೊಟ್ಟರು. "ಜಗಳ ಮಾಡಬ್ಯಾಡ್ರಿ. ಅಂವಗೂ ಗೊತ್ತಿರಾಕಿಲ್ಲ," ಎಂದು ಎರಡು ಸಲ ಎಚ್ಚರಿಸಿದರು.

ಹೋದೆವು. ತಟ್ಟೆ ಬದಲಿಸಿ ತೂಗಬೇಕೆಂದಾಗ ಅಂಗಡಿಯವರ ಮುಖ ಬಿಗಿಯಿತು. ಮೂವತ್ತು ವರ್ಷಗಳಿಂದ ಯಾರೂ ಹಾಗೆ ಕೇಳಿರಲಿಲ್ಲವಂತೆ. ಮಾವ ಕೈಮುಗಿದು, ಅಕ್ಕತಂಗಿಯರ ಮಾತು ಕೆಟ್ಟಿದೆಯೆಂದು ಹೇಳಿದ ಮೇಲೆ ಒಪ್ಪಿದರು. ಮೊದಲಿನಂತೆ ತೂಗಿದಾಗ 29.7, ಬದಲಿಸಿದಾಗ 30.3. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 30; ಇಷ್ಟು ಸಣ್ಣ ಅಂತರಕ್ಕೆ ಕೂಡಿಸಿ ಅರ್ಧಮಾಡಿದರೂ 30. ಅಂಗಡಿಯವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ತಾವಾಗಿಯೇ ಹೇಳಿದರು: ತ್ರಾಸು ಹಿಂದೊಮ್ಮೆ ಗೂಟದಿಂದ ಬಿದ್ದು ಒಂದು ತುದಿಯ ಅಲಗು ಮುರಿದಿದ್ದಿತು, ಯಾರೋ ರಿಪೇರಿ ಮಾಡುವವನು ಹೊಸ ಅಲಗನ್ನು ಕೂರಿಸಿಕೊಟ್ಟಿದ್ದನು. ಅಳೆದು ನೋಡಿದರೆ ಹತ್ತು ಸೆಂಟಿಮೀಟರಿನ ತೋಳಿನಲ್ಲಿ ಒಂದು ಮಿಲಿಮೀಟರು ಒಳಗೆ ಬಂದಿದ್ದಿತು. ಅಕ್ಕಿಯ ಕಾಳಿನ ದಪ್ಪವೂ ಇಲ್ಲ. ಅವರು ಆ ತ್ರಾಸಿನಲ್ಲಿ ಬಂಗಾರ ಕೊಂಡಿದ್ದರು. ಅದೇ ತಟ್ಟೆಯಲ್ಲಿ ತೂಗಿ ಮಾರಿಯೂ ಇದ್ದರು. ಕೊಂಡಾಗ ಲಾಭ, ಮಾರಿದಾಗ ನಷ್ಟ. ಲೆಕ್ಕ ಯಾವ ಕಡೆಗೆ ನಿಂತಿದೆಯೋ ಅವರಿಗೂ ತಿಳಿಯದು. ದಂಡಿಯನ್ನು ಬಿಚ್ಚಿ ಮೇಜಿನ ಖಾನೆಯೊಳಗಿಟ್ಟು ಕೀಲಿ ಹಾಕಿದರು.

ಮಾವ ಅಂದು ಬಸ್ಸಿನಲ್ಲಿ ಒಂದು ಮಾತನ್ನೂ ಆಡಲಿಲ್ಲ. ದೊಡ್ಡವ್ವನ ಮನೆಯ ಬಾಗಿಲಲ್ಲಿ ಮಾತ್ರ, "ಅಕ್ಕಾ, ತ್ರಾಸು ಸುಳ್ಳಾಗಿತ್ತು," ಎಂದನು. ದೊಡ್ಡವ್ವ ಅವನಿಗೆ ಉತ್ತರ ಕೊಡದೆ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಕಾಲಿಗೆ ನೀರು ತಂದಿಟ್ಟಳು. ಅತ್ತೆಯ ಬಗ್ಗೆ ಆಡಿದ ಮಾತುಗಳನ್ನು ಯಾವ ತಟ್ಟೆಗೆ ಹಾಕಿ ಸರಿದೂಗಿಸಬೇಕೆಂಬುದು ಯಾರಿಗೂ ತೋಚಲಿಲ್ಲ. ಅತ್ತೆ ಆ ವಿಷಯವನ್ನು ಎತ್ತಲಿಲ್ಲ. ಇಂದಿಗೂ ಎತ್ತಿಲ್ಲ.

ದೀಪಾವಳಿ ಕಳೆದ ಮೇಲೆ ಎಲ್ಲರೂ ಕೂಡಿ ಆಳಂದಕ್ಕೆ ಹೋದೆವು. ಪತ್ತಾರರು ಸರವನ್ನು ಬಿಚ್ಚಿ 35 ಗುಂಡುಗಳಂತೆ ಎರಡು ದಾರಗಳಿಗೆ ಪೋಣಿಸಿದರು. ತಮ್ಮ ಮನೆತನದ ಕಥೆಯನ್ನು ಅಂದೇ ಹೇಳಿದ್ದು. 1963ರಲ್ಲಿ ಚಿನ್ನದ ನಿಯಂತ್ರಣದ ಆಜ್ಞೆ ಬಂದು, ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧಿಯ ಹೊಸ ಒಡವೆ ಮಾಡಬಾರದೆಂದಾಗ, ದೇಶದಲ್ಲಿ ಸಾವಿರಾರು ಅಕ್ಕಸಾಲಿಗರ ಕುಲುಮೆಗಳು ಆರಿಹೋದುವು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಇವರ ತಂದೆ ಆಗ ಕಂಡವರ ಹೊಲದಲ್ಲಿ ತೊಗರಿ ಕೊಯ್ಯಲು ಹೋದರು. ಸುತ್ತಿಗೆ, ಅಡಿಗಲ್ಲುಗಳನ್ನು ಮಾರಿದರು, ತ್ರಾಸನ್ನು ಮಾರಲಿಲ್ಲ. ವಾರಕ್ಕೊಮ್ಮೆ ಪೆಟ್ಟಿಗೆ ತೆಗೆದು, ಕುಂಚದಿಂದ ಒರೆಸಿ, ಏನೂ ತೂಗದೆ ಮತ್ತೆ ಮುಚ್ಚಿಡುತ್ತಿದ್ದರಂತೆ. ಆ ಬಗೆಯ ನಿಯಂತ್ರಣದ ಶಾಸನ ಪೂರ್ತಿ ರದ್ದಾದದ್ದು 1990ರಲ್ಲಿ.

ಎರಡು ಸರಗಳನ್ನೂ ತ್ರಾಸಿಗೆ ಹಾಕಿದಾಗ ಬಟ್ಟು ಬೇಕಾಗಲಿಲ್ಲ; ಒಂದು ತಟ್ಟೆಯಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಮುಳ್ಳು ಎಡಕ್ಕೆ ಐದು ಗೆರೆ ಹೋಯಿತು, ಬಲಕ್ಕೆ ಮೂರು ಗೆರೆ ಬಂದಿತು. "ಈ ಕಡಿಂದು ಅರ್ಧ ಗುಂಜಿ ಜಾಸ್ತಿ ಅದ. ಒಂದ ಗುಂಡು ಅದಲು ಬದಲು ಮಾಡ್ಲೇನು?" ಎಂದು ಮುದುಕರು ಕೇಳಿದರು. ದೊಡ್ಡವ್ವ ಬೇಡವೆಂದಳು. ಎಡಗಡೆಯ ತಟ್ಟೆಯಲ್ಲಿದ್ದುದನ್ನು ತಾನೇ ಎತ್ತಿ ಅವ್ವನ ಮಡಿಲಿಗೆ ಹಾಕಿ, ಉಳಿದುದನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು. ಮುದುಕರು ದಂಡಿಯನ್ನು ಆಸರೆಯ ಮೇಲೆ ಇಳಿಸಿ, ಗಾಜಿನ ಬಾಗಿಲು ಮುಚ್ಚಿ, ನಿಲ್ಲಿಸಿದ್ದ ಬೀಸಣಿಗೆಯನ್ನು ಹಾಕಿದರು.